ಮೂಕಮ್ಮ ಪರೀಕ್ಷೆಯಲ್ಲಿ ಫೇಲಾದದ್ದು

ಕವಲೇದುರ್ಗದ ಬುಡದ ಊರಿಗೆ ವಯಸ್ಕರ ಶಿಕ್ಷಣ ಕೇಂದ್ರ ಬಂದಾಗ ವರದಮ್ಮನಿಗೆ ಮೂವತ್ತು ತುಂಬಿರಲಿಲ್ಲ. ಎಸ್ಸೆಸ್ಸೆಲ್ಸಿ ಮುಟ್ಟಿದ ಸೊಸೆ ಆ ಊರಿನಲ್ಲಿ ಅವಳೊಬ್ಬಳೇ. ಹಾಗಾಗಿ ಕಲಿಸುವ ಕೆಲಸ ಅವಳನ್ನೇ ಹುಡುಕಿಕೊಂಡು ಬಂತು. ತಿಂಗಳಿಗೆ ಐವತ್ತು ರೂಪಾಯಿ. ಅದು ಸಂಬಳವಲ್ಲ, ಗೌರವಧನ ಎಂದು ಮೊದಲೇ ತಿಳಿಸಿದ್ದರು. ಹಾಗೆಂದರೇನು ಎಂದು ಅವಳು ಕೇಳಲಿಲ್ಲ. ತಿಂಗಳುಗಟ್ಟಲೆ ಕೈಗೇನೂ ಬಾರದೆ, ಬಂದಾಗ ಜ್ವರ ಹಿಡಿದು ಮಲಗಿದ ವಾರದ್ದನ್ನು ಕಳೆದು ಕೊಟ್ಟಾಗ ಸ್ವಲ್ಪ ಅರ್ಥವಾಯಿತು. ಗಂಡ ಹೂವಯ್ಯನ ಹತ್ತಿರ ಹೇಳಿಕೊಂಡರೆ, "ಮನೇಲಿ ಮಾಡೋದಕ್ಕೆ ಅದೂ ಇಲ್ವಲ್ಲ" ಎಂದು ನಕ್ಕ. ತಮಾಷೆಗೆ ಹೇಳಿದನೋ ನಿಜಕ್ಕೇ ಹೇಳಿದನೋ ಅವಳಿಗೆ ತಿಳಿಯಲಿಲ್ಲ.

ಕೇಂದ್ರಕ್ಕೆಂದು ಸ್ಲೇಟು, ಕರಿಹಲಗೆ, ಒಂದು ಲಾಟೀನು ಕೊಟ್ಟಿದ್ದರು. ಪಾಠ ಸಂಜೆ ಏಳಕ್ಕೆ ನಡೆಯಬೇಕೆಂದು ಆದೇಶ. ಏಳು ಗಂಟೆಗೆ ಯಾವ ಹೆಂಗಸಿನ ಕೈ ಖಾಲಿ ಇರುತ್ತದೆಂದು ಆದೇಶ ಬರೆದವರು ಮನೆಯಲ್ಲಿ ಕೇಳಿರಲಿಕ್ಕಿಲ್ಲ. ವರದಮ್ಮ ಮಧ್ಯಾಹ್ನದ ಪಾತ್ರೆ ತೊಳೆದ ಮೇಲಿನ ಹೊತ್ತನ್ನು ಆರಿಸಿಕೊಂಡಳು. ಮುಚ್ಚಿಹೋದ ಅಕ್ಕಿ ಗಿರಣಿಯ ಜಗಲಿಯಲ್ಲಿ ಪಾಠ. ಮೇಲ್ವಿಚಾರಕಿ ಮೀನಾಕ್ಷಮ್ಮ ಬರುವ ದಿನ ಮಾತ್ರ ಅಟ್ಟದ ಲಾಟೀನನ್ನು ಒರೆಸಿ, ಹಾಡಹಗಲೇ ಜಗಲಿಯಲ್ಲಿ ತಂದಿಡುತ್ತಿದ್ದಳು.

ಮೂವತ್ತು ಹೆಂಗಸರಿಲ್ಲದಿದ್ದರೆ ಕೇಂದ್ರವಿಲ್ಲ. ಸಂಖ್ಯೆ ತುಂಬಲೆಂದು ಅತ್ತೆ ಮೂಕಮ್ಮನ ಹೆಸರನ್ನೂ ಸೇರಿಸಿದ್ದಳು. ಅತ್ತೆ ನಿಜಕ್ಕೂ ಬಂದು ಕೂತರು. ಎಲ್ಲರಿಗಿಂತ ಬೇಗ ಕಲಿತರು. ಮನೆಯಲ್ಲಿ "ಏ ವರದಾ, ಅಕ್ಕಿ ನೆನೆಹಾಕಿದ್ಯಾ?" ಎನ್ನುವವರು ಜಗಲಿಯಲ್ಲಿ "ಟೀಚರಮ್ಮ, ಈ ಒತ್ತು ಎಲ್ಲಿ ಕೊಡೋದು?" ಎಂದು ಮುಖದಲ್ಲಿ ನಗುವಿಲ್ಲದೆ ಕೇಳುತ್ತಿದ್ದರು. ಆ ಹೊತ್ತಿನಲ್ಲಿ ಯಾವ ಗಂಡಸು ಬಂದು ಕರೆದರೂ ಹೆಂಗಸರು ಏಳುತ್ತಿರಲಿಲ್ಲ. ಗದ್ದೆ ಕೆಲಸದ ಹುಲಿಯಮ್ಮ ಕಾಲು ಚಾಚಿ ಕೂತು, "ಈಗ ನಾವು ಸರ್ಕಾರದೋರು, ಆಮೇಲೆ ಬನ್ನಿ" ಎಂದು ಕಳಿಸಿಬಿಡುತ್ತಿದ್ದಳು.

ವರ್ಷ ಮುಗಿಯುತ್ತ ಬಂದಾಗ ಮೀನಾಕ್ಷಮ್ಮ ವರದಮ್ಮನನ್ನು ಪಕ್ಕಕ್ಕೆ ಕರೆದರು. ಅವರ ಯಜಮಾನರಿಗೆ ಶಿವಮೊಗ್ಗಕ್ಕೆ ವರ್ಗವಾಗಿತ್ತು. ಅವರ ಜಾಗ ತೆರವಾಗುತ್ತದೆ: ತೀರ್ಥಹಳ್ಳಿಯಲ್ಲಿ ಕೆಲಸ, ತಿಂಗಳು ತಿಂಗಳು ಸಂಬಳ, ಬಸ್ಸಿನ ಖರ್ಚು ಬೇರೆ. ಇಲಾಖೆಯ ಸಾಹೇಬರು ಪರೀಕ್ಷೆಗೆ ಬಂದಾಗ ನಿನ್ನ ಹೆಂಗಸರು ಚೆನ್ನಾಗಿ ಬರೆದರೆ ನಿನ್ನ ಹೆಸರನ್ನೇ ಹೇಳುತ್ತೇನೆ ಎಂದರು.

ಇದನ್ನು ವರದಮ್ಮ ಮನೆಯಲ್ಲಿ ಬಾಯಿಬಿಡಲಿಲ್ಲ. ಬೆಳಿಗ್ಗೆ ತಿಂಡಿ ಯಾರು ಮಾಡುವುದು ಎಂಬಲ್ಲಿಂದ ಮಾತು ಶುರುವಾಗಿ ಅಲ್ಲೇ ಮುಗಿಯುತ್ತದೆಂದು ಅವಳಿಗೆ ಗೊತ್ತಿತ್ತು. ಒಮ್ಮೆ ಮಾತ್ರ ರುಬ್ಬುತ್ತಾ, ತೀರ್ಥಹಳ್ಳಿಗೆ ಬೆಳಗಿನ ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದ್ದಳು. ಯಾರು ಹೋಗುವವರು ಎಂದು ಅತ್ತೆ ಕೇಳಿದರು. ಯಾರೂ ಇಲ್ಲ ಎಂದಿದ್ದಳು. ಜಗಲಿಯ ಹೆಂಗಸರಿಗೆ ಹೇಳಿದ್ದೂ ಅರ್ಧ ಮಾತೇ: ಚೆನ್ನಾಗಿ ಬರೆಯಿರಿ, ಎಲ್ಲರೂ ಕಲಿತರೆಂದರೆ ಇಲ್ಲಿಗೆ ಕೇಂದ್ರ ಮುಗಿಯಿತು.

ಸಾಹೇಬರು ಜೀಪಿನಲ್ಲಿ ಬಂದರು. ಮೊದಲು ಕರೆದದ್ದು ಹುಲಿಯಮ್ಮನನ್ನು. ಅವಳು ಬಳಪ ಹಿಡಿದು ಹಲಗೆಯ ಮುಂದೆ ಸುಮ್ಮನೆ ನಿಂತಳು. ಅವಳ ನಂತರ ಎದ್ದ ಕೆರಿಯಮ್ಮ ಅಕ್ಷರಗಳೆಲ್ಲ ಇರುವೆ ಥರ ಹರಿದಾಡುತ್ತವೆ ಎಂದಳು. ಹೆದರಿಕೆಗೆ ಹೀಗಾಗುತ್ತಿದೆ ಎಂದುಕೊಂಡು ವರದಮ್ಮನೇ ಅತ್ತೆಯನ್ನು ಮುಂದೆ ಕಳಿಸಿದಳು. ಹಿಂದಿನ ದಿನವಷ್ಟೇ ಸೋಪಿನ ಕಾಗದವನ್ನು ಅಡ್ಡಡ್ಡ ಉದ್ದುದ್ದ ಓದಿ ಮುಗಿಸಿದ್ದ ಮೂಕಮ್ಮ, ತಮ್ಮ ಹೆಸರು ಬರೆಯಲು ಹೇಳಿದರೆ ಒಂದು ಗೆರೆ ಎಳೆದು ನಿಲ್ಲಿಸಿದರು.

"ಬರೋದಿಲ್ಲ ಸ್ವಾಮಿ. ನಮ್ ಹುಡುಗಿ ಪಾಪ ಹೇಳ್ಕೊಡ್ತಾಳೆ, ನಮ್ ತಲೆಗೇ ಹತ್ತಲ್ಲ. ಇನ್ನೊಂದ್ ವರ್ಷ ಬೇಕು."

ಉಳಿದವರೆಲ್ಲ ತಲೆಯಾಡಿಸಿದರು. ಇವರಿಗೆ ಬರುತ್ತದೆ ಎಂದು ವರದಮ್ಮ ಹೇಳಬೇಕಿತ್ತು. ಹೇಳಿದರೆ ಅತ್ತೆ ಸುಳ್ಳಿಯಾಗುತ್ತಾರೆ, ಹೇಳದಿದ್ದರೆ ತಾನು ಕೈಲಾಗದವಳಾಗುತ್ತೇನೆ. ಯಾವುದನ್ನು ಆರಿಸಿಕೊಳ್ಳುವುದೆಂದು ತೋಚುವಷ್ಟರಲ್ಲಿ ಸಾಹೇಬರು ಎದ್ದಿದ್ದರು. ಜೀಪು ಹತ್ತುತ್ತಾ ಅವರು ಮೀನಾಕ್ಷಮ್ಮನಿಗೆ, "ನೀವು ಹೇಳಿದ್ದು ಈ ಟೀಚರ್ ಹೆಸರನ್ನೇನಾ?" ಎಂದದ್ದು ಅವಳಿಗೆ ಕೇಳಿಸಿತು. ಕೇಂದ್ರ ಇನ್ನೊಂದು ವರ್ಷ ಮುಂದುವರಿಯಲಿ, ಮೇಲ್ವಿಚಾರಕಿ ಕೆಲಸಕ್ಕೆ ಕೋಣಂದೂರು ಕೇಂದ್ರದವಳನ್ನು ನೋಡೋಣ ಎಂದರು.

ಜೀಪು ತಿರುವು ದಾಟಿದ್ದೇ ತಡ, ಜಗಲಿಯ ತುಂಬ ನಗು. ಹುಲಿಯಮ್ಮ ಹಲಗೆಯ ಮೇಲೆ ತನ್ನ ಹೆಸರನ್ನೂ ಗಂಡನ ಹೆಸರನ್ನೂ ದೊಡ್ಡದಾಗಿ ಬರೆದು ತೋರಿಸಿದಳು.

"ನಿಮ್ ಐವತ್ ರೂಪಾಯಿ ಉಳಿಸಿದ್ವಿ ನೋಡಿ ವರದಮ್ಮೋರೇ. ನಮ್ಗೂ ಒಂಚೂರು ಕೂರಕ್ಕೆ ಜಾಗ ಉಳೀತು."

ವರದಮ್ಮ ನಕ್ಕಳು. ಅವರು ಅಷ್ಟು ಆಸೆಯಿಂದ ಮುಖ ನೋಡುತ್ತಿರುವಾಗ ಬೇರೇನು ಮಾಡುವುದೆಂದು ಹೊಳೆಯಲಿಲ್ಲ. ನಗುತ್ತಲೇ ಸೆರಗಿನಿಂದ ಹಲಗೆ ಒರೆಸಿದಳು.

ಮನೆಯ ದಾರಿಯಲ್ಲಿ ಅತ್ತೆ ಮುಂದೆ, ಅವಳು ಹಿಂದೆ. ಹಳ್ಳಕ್ಕೆ ಹಾಕಿದ ಮರದ ಸಂಕದ ಹತ್ತಿರ ಬಂದಾಗ ಕೇಳಿಯೇಬಿಟ್ಟಳು.

"ಅತ್ತೆ, ತೀರ್ಥಹಳ್ಳಿ ಕೆಲಸದ ವಿಷ್ಯ ನಿಮಗೆ ಗೊತ್ತಿತ್ತಾ?"

ಮೂಕಮ್ಮ ತಿರುಗಲಿಲ್ಲ. "ನೀ ಹೇಳಿದ್ರೆ ತಾನೆ ಗೊತ್ತಾಗೋದು" ಎಂದು ಸಂಕ ದಾಟಿದರು.

ಮನೆ ಮುಟ್ಟಿದವರೇ ಅವರು ಚೊಂಬು ಹಿಡಿದು ಕೊಟ್ಟಿಗೆಗೆ ಹೋಗಿ ಹಾಲು ಕರೆಯಲು ಕೂತರು. ವರದಮ್ಮ ಮದುವೆಯಾಗಿ ಬಂದಾಗಿನಿಂದ ಅದು ಅವಳದೇ ಕೆಲಸವಾಗಿತ್ತು. ಹಾಗೆ ಕೂತದ್ದು ತಪ್ಪಾಯಿತು ಎನ್ನಲೋ, ಇಲ್ಲೇ ಇರು ಎನ್ನಲೋ, ಅಥವಾ ಮುದುಕಿಗೆ ಇವತ್ತು ಸುಮ್ಮನೆ ಖುಷಿಯೋ? ಒಳಗಿನಿಂದ ಹೂವಯ್ಯ ಕಾಫಿ ಆಯಿತೇ ಎಂದು ಕೂಗಿದ. ಹಾಲು ಬರಲಿ ಎಂದಳು. ಹಾಲು ಬಂದ ಮೇಲೂ ಅಂಗಳದಲ್ಲೇ ನಿಂತಿದ್ದಳು.