ಸಂಘದ ಸಭೆಗೆ ಹೋದ ನನ್ನ ಡೈರಿ

ಗೆಳತಿಯರೇ, ಕೇಳಿ. ಇಂದು ಹತ್ತರಗಿಯಲ್ಲಿ ನಮ್ಮ ಮಹಿಳಾ ಸಂಘದ ಸಭೆ. ಸಭೆಯ ನಿರ್ಣಯಗಳನ್ನು ಠರಾವು ಪುಸ್ತಕದಲ್ಲಿ ಬರೆಯುವವಳು ನಾನೇ. ಆ ಪುಸ್ತಕದ ಬದಲು, ದಿನಾ ರೊಟ್ಟಿ ಬಡಿದ ಮೇಲೆ ಬರೆಯುವ ನನ್ನ ಡೈರಿಯನ್ನು ಅಧ್ಯಕ್ಷೆ ಕಸ್ತೂರಕ್ಕನ ಕೈಗೆ ಕೊಟ್ಟುಬಿಟ್ಟೆ. ಎರಡಕ್ಕೂ ಒಂದೇ ಬಣ್ಣದ ರಟ್ಟು. ಆಕೆ ಎಂದಿನಂತೆ ಗಟ್ಟಿಯಾಗಿ ಓದಿದಳು: "ಇವರು ತೀರಿಕೊಂಡು ಆರು ತಿಂಗಳಾಯಿತು. ಮಗ ಹೋದರೂ ಅತ್ತೆ ಒಮ್ಮೆಯೂ ಅಳಲಿಲ್ಲ. ಕಲ್ಲಿನಂಥ ಎದೆ."

ಅತ್ತೆ ನನ್ನ ಪಕ್ಕದಲ್ಲೇ ಕುಳಿತಿದ್ದರು. ಇನ್ನು ಮನೆಯೊಳಗೆ ಸೇರಿಸುತ್ತಾರೋ ಇಲ್ಲವೋ.

"ಇದ್ಯಾವ ಠರಾವವಾ?" ಎಂದಳು ಕಸ್ತೂರಕ್ಕ.

ಅತ್ತೆ ನನ್ನ ಕಡೆ ತಿರುಗಿದರು. "ಬಚ್ಚಲದಾಗ ನಳ ಬಿಟ್ಟು ಅಳತೇನಿ. ಅದನ್ನೂ ಬರಿಯವಾ."

ಬರೆದೆ. ರೂಢಿಯಂತೆ ಎಲ್ಲರೂ ಕೆಳಗೆ ಸಹಿ ಹಾಕಿದರು, ಅತ್ತೆ ಹೆಬ್ಬೆಟ್ಟು ಒತ್ತಿದರು. ಡೈರಿಯೇನೋ ಸರ್ವಾನುಮತದಿಂದ ಮಂಜೂರಾಯಿತು; ಮುಂದಿನ ಸಭೆಯಲ್ಲೂ ಇದನ್ನೇ ಓದಿಯಾರೆಂದು ನಾಳೆ ಬರೆಯಲು ಕೂರುವುದಕ್ಕೇ ಹೆದರಿಕೆ.