ಪಂಕ್ತಿಗೆ ಬಡಿಸುತ್ತಿದ್ದ ಚಿಕ್ಕಜ್ಜ

ತುಂಬಿದ ಸಾರಿನ ಬಕೆಟ್ ಹಿಡಿದು ಎಲೆಯಿಂದ ಎಲೆಗೆ ಬಗ್ಗುತ್ತ ಹೋದರೂ ಅವನ ಬಿಳಿ ಪಂಚೆಗೆ ಒಂದು ಹನಿ ತಾಗುತ್ತಿರಲಿಲ್ಲ. ನನ್ನ ಮೈದುನ, ನಿಮಗೆ ಚಿಕ್ಕಜ್ಜ. ನೀವು ಫೋಟೋದಲ್ಲಷ್ಟೇ ನೋಡಿದ್ದೀರಿ.

ನಮ್ಮ ಕಡೆ ಬಡಿಸುವುದು ನೆಂಟರಿಷ್ಟರ ಕೆಲಸ; ಅದೊಂದು ಮರ್ಯಾದೆ. ನಮ್ಮೂರು ನಾರ್ವೆಯ ಸುತ್ತ ಯಾರ ಮನೆಯ ಮದುವೆಯಾದರೂ ಸಾರು ಅವನದೇ. ಸಾಕೆಂದು ಯಾರಾದರೂ ಕೈ ಅಡ್ಡ ಹಿಡಿದರೆ, "ತೆಗೀರಿ ಮಾರಾಯ್ರೆ, ಇಲ್ಲಾಂದ್ರೆ ಕೈ ಮೇಲೇ ಹೊಯ್ತೀನಿ" ಎನ್ನುತ್ತಿದ್ದ. ಹೊಸ ಸೊಸೆಯಾಗಿದ್ದಾಗ ನಾನು ನಾಚಿಕೆಯಿಂದ ಅರೆಹೊಟ್ಟೆಯಲ್ಲಿ ಏಳುತ್ತಿದ್ದೆ. ಅದನ್ನು ಗಮನಿಸಿದವನು ಅವನೊಬ್ಬನೇ. ಕೇಳದೆಯೇ ಇನ್ನೊಂದು ಸೌಟು ಹಾಕಿ ಮುಂದೆ ಹೋಗುತ್ತಿದ್ದ.

ಆಮೇಲೆ ಕಾಯಿಲೆ ಬಂತು. ಯಾರೋ ಬೈಯುತ್ತಿದ್ದಾರೆಂದು ಕಿವಿ ಮುಚ್ಚಿ ಕೂರುತ್ತಿದ್ದ. ಒಂದು ಮದುವೆಯಲ್ಲಿ "ವಿಷ ಹಾಕಿದ್ದಾರೆ, ಉಣ್ಬೇಡಿ!" ಎಂದು ಕೂಗಿ ಬಕೆಟ್ಟನ್ನೇ ಚೆಲ್ಲಿದ. ಶಿವಮೊಗ್ಗದ ಡಾಕ್ಟರು ಸ್ಕಿಜೋಫ್ರೇನಿಯಾ ಎಂದರು. ಮಾತ್ರೆಯಿಂದ ವರ್ಷದೊಳಗೆ ಆ ದನಿಗಳು ನಿಂತವು.

ಡಾಕ್ಟರು ಆಗ, "ಹುಷಾರಾದ ಮೇಲೂ ಜೋಪಾನ. ಆಗಿದ್ದೆಲ್ಲ ಅರ್ಥವಾಗಿ ನೋಯೋದು ಆವಾಗಲೇ. ಬೇಸರದ ಮಾತಾಡಿದ್ರೆ ಕೂತು ಕೇಳಿ, ನಮಗೆ ಫೋನ್ ಮಾಡಿ" ಎಂದಿದ್ದರು. ನನ್ನ ತಲೆಯಲ್ಲಿ ಉಳಿದದ್ದು ಮಾತ್ರೆ ತಪ್ಪಿಸಬಾರದು ಎಂಬುದೊಂದೇ.

ಅವನು ಹುಷಾರಾದ ಮೇಲೆ ಬಾಳಗಡಿಯಲ್ಲಿ ನೆಂಟರ ಮದುವೆ. ಅವನು ಸೊಂಟಕ್ಕೆ ಟವೆಲ್ ಬಿಗಿದು ಬಕೆಟ್ ಎತ್ತಿಕೊಂಡ. ನಿಮ್ಮ ಅಜ್ಜ ಅದನ್ನು ಮೆಲ್ಲಗೆ ಅವನ ಕೈಯಿಂದ ತೆಗೆದುಕೊಂಡು, "ನೀನು ಕೂತ್ಕೋ ಮಾರಾಯ, ಸುಸ್ತಾಗ್ತದೆ" ಎಂದರು. ಪ್ರೀತಿಯಿಂದಲೇ ಹೇಳಿದ್ದು. ಅವನು ಬಂದು ನನ್ನ ಪಕ್ಕದ ಎಲೆಗೆ ಕೂತ.

"ಅತ್ತಿಗೆ, ಅವತ್ತು ನಾನು ಮಾಡಿದ್ದು ಎಲ್ಲ ನೆನಪಿದೆ. ಇನ್ನು ನನ್ನ ಕೈಯಿಂದ ಯಾರೂ ಉಣ್ಣೋದಿಲ್ಲ. ನಾನಿದ್ದು ಎಂತ ಮಾಡೋದು?"

"ಊಟದ ಎದುರು ಹಾಗೆಲ್ಲ ಹೇಳಬಾರದು" ಎಂದೆ.

"ಸರಿ" ಎಂದು ಅನ್ನ ಕಲಸಿದ.

ಮನೆಗೆ ಬಂದ ಮೇಲೂ ನಾನು ಕೇಳಲಿಲ್ಲ. ನಿಮ್ಮ ಅಜ್ಜನಿಗೂ ಹೇಳಲಿಲ್ಲ. ಹೇಳಿದರೆ ಮತ್ತೆ ಆಸ್ಪತ್ರೆಗೆ ಕರೆದೊಯ್ಯುತ್ತಾರೆ, ಅವನಿಗೆ ಅವಮಾನ ಎಂದುಕೊಂಡೆ. ದಿನವೂ ಮಾತ್ರೆ ನುಂಗುವುದನ್ನು ಮಾತ್ರ ಎದುರು ನಿಂತು ನೋಡುತ್ತಿದ್ದೆ. ಶಾಂತವಾಗಿದ್ದಾನೆ ಎಂದು ನೆಮ್ಮದಿಪಟ್ಟೆ.

ಹದಿನೈದು ದಿನವೂ ಆಗಿರಲಿಲ್ಲ, ತನ್ನ ಜೀವ ತಾನೇ ಕಳೆದುಕೊಂಡ.

ಬಂದವರೆಲ್ಲ "ವಾಸಿಯಾಗಿತ್ತಲ್ಲ, ಈಗ ಯಾಕೆ?" ಎಂದರು. ಪೂರ್ತಿ ಉತ್ತರ ಯಾರಿಗೂ ಗೊತ್ತಿಲ್ಲ. ಆದರೆ ಅವನ ಮಾತು ಕೇಳಿಸಿಕೊಂಡಿದ್ದವಳು ನಾನೊಬ್ಬಳೇ. ನಿಮ್ಮ ಅಜ್ಜ ತೀರಿಕೊಳ್ಳುವವರೆಗೂ ನಾನು ಅದನ್ನು ಯಾರಿಗೂ ಹೇಳಲಿಲ್ಲ.

ಮಕ್ಕಳೇ, ಅವನನ್ನು ಕೇಳಬೇಕಾಗಿದ್ದುದನ್ನು ಈಗ ನಿಮ್ಮಲ್ಲಿ ಒಬ್ಬೊಬ್ಬರನ್ನೂ ಫೋನಿನಲ್ಲಿ ಕೇಳುತ್ತೇನೆ: "ಮನಸ್ಸಿಗೆ ಹೇಗಿದೆ?" ಅಜ್ಜಿಗೆ ಬೇರೆ ಪ್ರಶ್ನೆಯೇ ಇಲ್ಲ ಎಂದು ನಗುತ್ತೀರಿ. ನಗಿ. ಆದರೆ ಉತ್ತರ ಹೇಳಿ.