ಮನೆಯೊಳಗಿನ ಜೀರುಂಡೆ

ಮಕ್ಕಳೇ, ನಾನು ಚಿಕ್ಕವನಿದ್ದಾಗ ಜೆಪ್ಪುವಿನ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲೂ ಗಡಿಯಾರ ಇರಲಿಲ್ಲ. ಅದು ಬೇಕಾಗಿಯೂ ಇರಲಿಲ್ಲ. ಹೊಳೆಯ ಬದಿಯಲ್ಲಿ ಹಂಚಿನ ಕಾರ್ಖಾನೆಯಿತ್ತು, ಅದು ದಿನಕ್ಕೆ ನಾಲ್ಕು ಸಲ ಕೂಗುತ್ತಿತ್ತು. ಬೆಳಿಗ್ಗೆ ಕೆಲಸ ಹಿಡಿಯಲು ಒಂದು ಕೂಗು, ಮಧ್ಯಾಹ್ನ ಊಟಕ್ಕೆ ಬಿಡಲು ಒಂದು, ಊಟ ಮುಗಿಸಿ ಮರಳಲು ಒಂದು, ಸಂಜೆ ಬಿಡುಗಡೆಗೆ ಒಂದು. ಅದು ಕೂಗಿದರೆ ಓಣಿಯ ನಾಯಿಗಳೆಲ್ಲ ಮೂತಿ ಮೇಲೆತ್ತಿ ಊಳಿಡುತ್ತಿದ್ದವು. ನಮ್ಮ ಹಿತ್ತಲಿನ ಹಲಸಿನ ಮರದಲ್ಲಿದ್ದ ಕಾಗೆಗಳು ಪಟಪಟನೆ ಒಟ್ಟಿಗೆ ಹಾರುತ್ತಿದ್ದವು. ಹೊಳೆಯಾಚೆ ಉಳ್ಳಾಲದವರೂ ಅದನ್ನು ಕೇಳಿಯೇ ಒಲೆಗೆ ಅನ್ನ ಇಡುತ್ತಾರೆಂದು ಅಪ್ಪ ಹೇಳುತ್ತಿದ್ದರು.

ಅಪ್ಪ ಆ ಕಾರ್ಖಾನೆಯಲ್ಲಿ ಮಣ್ಣು ಅರೆಯುವ ಯಂತ್ರದ ಪಕ್ಕ ನಿಂತು ಕೆಲಸ ಮಾಡುವವರು. ಸಂಜೆ ಮನೆಗೆ ಬಂದರೆ ಅವರ ಮೈಯಿಂದ ಹಸಿ ಜೇಡಿಮಣ್ಣಿನ ವಾಸನೆ ಬರುತ್ತಿತ್ತು. ಬಾವಿಕಟ್ಟೆಯಲ್ಲಿ ನೀರು ಹೊಯ್ದುಕೊಂಡರೆ ಹರಿದುಹೋಗುವ ನೀರೆಲ್ಲ ಕೆಂಪು. ಮಾತಿನಲ್ಲಂತೂ ಅವರನ್ನು ಸೋಲಿಸುವವರಿರಲಿಲ್ಲ. ಓಣಿಯ ತುದಿಯಿಂದಲೇ ಅವರ ಗಂಟಲು ಕೇಳಿಸುತ್ತಿತ್ತು. ದಿನವಿಡೀ ಯಂತ್ರದ ಗದ್ದಲದಲ್ಲಿ ಕೈಸನ್ನೆಯಲ್ಲೇ ಮಾತಾಡಿ ಸಾಕಾಗಿರುತ್ತಿತ್ತೋ ಏನೋ, ಮನೆಗೆ ಬಂದ ಮೇಲೆ ಬಾಯಿಗೆ ಬಿಡುವೇ ಇರಲಿಲ್ಲ. ನಾನೂ ಅಕ್ಕನೂ ಅವರ ಎರಡು ಬದಿಗೆ ಕೂತು ನಗುವುದೇ ಒಂದು ಕೆಲಸ. ಅಕ್ಕನಿಗೆ ಆಗ ಹದಿನಾಲ್ಕು, ನನಗೆ ಒಂಬತ್ತು.

ಆ ವರ್ಷದ ಮಳೆಗಾಲದಲ್ಲಿ ಅಪ್ಪನಿಗೆ ಚಳಿಜ್ವರ ಬಂತು. ಮೂರು ಕಂಬಳಿ ಹೊದೆಸಿದರೂ ಮಂಚ ಗಡಗಡ ಅಲ್ಲಾಡುತ್ತಿತ್ತು. ಕ್ವಿನೈನ್ ಎಂಬ ಕಹಿ ಮದ್ದನ್ನು ಅಮ್ಮ ದಿನಕ್ಕೆ ಮೂರು ಸಲ ಕುಡಿಸುತ್ತಿದ್ದಳು. ಆ ಬಾಟಲಿ ತೊಳೆದ ನೀರು ಕೂಡ ಕಹಿ. ನಾನು ಬೆರಳು ಅದ್ದಿ ನೆಕ್ಕಿ ನೋಡಿದ್ದೇನೆ, ಅಷ್ಟು ತಂಟೆ ನನ್ನದು. ತಿಂಗಳಾದ ಮೇಲೆ ಜ್ವರ ಬಿಟ್ಟಿತು. ಅಪ್ಪ ಕೋಲಿನ ಹಾಗೆ ಸೊರಗಿ ಮತ್ತೆ ಕೆಲಸಕ್ಕೆ ಹೋದರು. ಆದರೆ ಹೋದವರು ನಮ್ಮ ಅಪ್ಪನಾಗಿ ಮನೆಗೆ ಬರಲಿಲ್ಲ.

"ಮನೆಯೊಳಗೆ ಜೀರುಂಡೆ ಕೂಗ್ತದೆ, ಅದನ್ನು ಹಿಡಿದು ಬಿಸಾಡಿ" ಎಂದು ಒಂದು ದಿನ ಅಪ್ಪ ಹೇಳಿದರು. ದೀಪಾವಳಿ ಹತ್ತಿರವಾಗಿತ್ತು, ಜೀರುಂಡೆ ಕೂಗುವ ಕಾಲವೇ ಅಲ್ಲ. ಆದರೂ ಅಕ್ಕ ಮತ್ತು ನಾನು ಏಣಿ ಇಟ್ಟು ಮಾಡಿನ ಸಂದಿಯೆಲ್ಲ ಹುಡುಕಿದೆವು. ಮರುದಿನವೂ ಅವರಿಗೆ ಅದೇ ಜೀರುಂಡೆ. ಪಕ್ಕದ ಮನೆಯವರು ಅಮ್ಮನನ್ನು ಕರೆದು, ಜ್ವರ ತಲೆಗೆ ಏರಿದೆ, ಇಲ್ಲವೇ ಮೈಮೇಲೆ ಏನೋ ಸೇರಿಕೊಂಡಿದೆ ಎಂದರು. ಅಮ್ಮ ಹೆದರಿಹೋದಳು. "ಅಪ್ಪನಿಗೆ ಹುಷಾರಿಲ್ಲ, ಇನ್ನು ಮನೆಯಲ್ಲಿ ಮೆಲ್ಲ ಮಾತಾಡ್ಬೇಕು" ಎಂದು ನಮಗೆ ಕಟ್ಟಪ್ಪಣೆ ಮಾಡಿದಳು.

ನಾವು ಮೆಲ್ಲ ಮಾತಾಡತೊಡಗಿದೆವು. ಮೊದಲು ಮೆಲ್ಲ, ಆಮೇಲೆ ಪಿಸುಪಿಸು. ನಮ್ಮ ತುಟಿ ಅಲ್ಲಾಡುವುದನ್ನು ಕಂಡರೆ ಅಪ್ಪನ ಕಣ್ಣು ಕೆಂಪಾಗುತ್ತಿತ್ತು. "ಎಂತ ಗುಸುಗುಸು? ನನ್ನ ವಿಷಯವಾ?" ಎಂದು ಗದರುತ್ತಿದ್ದರು. ನಾವು ಬಾಯಿ ಮುಚ್ಚುತ್ತಿದ್ದೆವು. ಮುಚ್ಚಿದರೆ ಅವರಿಗೆ ಅನುಮಾನ ಇನ್ನೂ ಗಟ್ಟಿ. ಏನಾದರೂ ಕೇಳಿದರೆ ಉತ್ತರ ಕೊಡುತ್ತಿರಲಿಲ್ಲ, ಗೋಡೆ ನೋಡುತ್ತಿದ್ದರು. ಮಧ್ಯಾಹ್ನ ತೆಂಗಿನ ಮರದ ನೆರಳು ಬಾವಿಕಟ್ಟೆ ಮುಟ್ಟುವ ಮೊದಲೇ, ಕೂಗು ಆಗಲು ಇನ್ನೂ ಎಷ್ಟೋ ಹೊತ್ತಿದ್ದರೂ, ಎದ್ದು ಕೆಲಸಕ್ಕೆ ಹೊರಟುಬಿಡುತ್ತಿದ್ದರು. ನಮ್ಮ ಮುಖ ನೋಡಲು ಮನಸ್ಸಿಲ್ಲದೆ ಓಡುತ್ತಾರೆಂದು ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ಇದರ ನಡುವೆ ನನಗೆ ಮಾತ್ರ ಒಂದು ಖುಷಿ ಸಿಕ್ಕಿತ್ತು. ಊಟಕ್ಕೆ ಕೂತಾಗ ಅಪ್ಪ ನನ್ನನ್ನು ಹತ್ತಿರ ಕರೆದು, ತಮ್ಮ ಬಟ್ಟಲಿನಿಂದಲೇ ಮೊದಲ ತುತ್ತು ನನಗೆ ಕೊಡುತ್ತಿದ್ದರು. ಬಿಸಿ ಗಂಜಿ, ನಡುವೆ ಮಾವಿನ ಉಪ್ಪಿನಕಾಯಿಯ ಒಂದು ಚೂರು. ನಾನು ನುಂಗುವವರೆಗೆ ನನ್ನ ಮುಖವನ್ನೇ ನೋಡುತ್ತಿದ್ದರು. ಅಕ್ಕನಿಗಿಂತ ನಾನೇ ಹೆಚ್ಚು ಎಂದು ಅವಳೆದುರು ಮೆರೆದೆ. "ಪೆದ್ದಾ, ಅಮ್ಮ ಗಂಜಿಗೆ ಮದ್ದು ಹಾಕಿದ್ದಾಳಾ ಅಂತ ನಿನ್ನಲ್ಲಿ ಪರೀಕ್ಷೆ ಮಾಡುವುದು" ಎಂದಳು ಅಕ್ಕ. ಮದ್ದು ಹಾಕುವುದೆಂದರೆ ಊಟದಲ್ಲಿ ಗುಟ್ಟಾಗಿ ವಿಷವನ್ನೋ ಮಾಟದ ಪುಡಿಯನ್ನೋ ಬೆರೆಸಿ ಕೊಡುವುದು. ಆ ರಾತ್ರಿಯಿಂದ ನನ್ನ ಬಟ್ಟಲಿನ ಗಂಜಿಯನ್ನು ನಾನು ಅರ್ಧಕ್ಕೇ ಬಿಡುತ್ತಿದ್ದೆ. ಆದರೂ ದಿನಾ ಹೋಗಿ ಕೂರುತ್ತಿದ್ದೆ. ಹೋಗದಿದ್ದರೆ ಅಪ್ಪ ಉಪವಾಸ ಏಳುತ್ತಿದ್ದರು.

ಒಂದು ಭಾನುವಾರ ಅಕ್ಕ ನನ್ನ ಕಿವಿಯಲ್ಲಿ ಏನೋ ಹೇಳಿ ನಕ್ಕಳು. ಬೆಕ್ಕಿನ ಮರಿಯ ಸುದ್ದಿ, ಅಷ್ಟೇ. ಅಪ್ಪ ಕೈಯಲ್ಲಿದ್ದ ಹಿತ್ತಾಳೆ ಚೊಂಬನ್ನು ಬೀಸಿ ಎಸೆದರು. ಅದು ಅಕ್ಕನ ಹುಬ್ಬಿನ ಮೇಲೆ ಬಿತ್ತು. ರಕ್ತ ಕಂಡು ಅಪ್ಪ ಮೂಲೆಯಲ್ಲಿ ಕೂತುಬಿಟ್ಟರು. ಅಮ್ಮ ಗಾಯಕ್ಕೆ ಅರಸಿನ ಒತ್ತಿದಳು. ಮರುದಿನ ಬಜಪೆ ಕಡೆಗೆ ಹೋಗುವವರೊಬ್ಬರ ಹತ್ತಿರ ಮಾವನಿಗೆ ಹೇಳಿ ಕಳಿಸಿದಳು.

ಮಾವ ಅಂದರೆ ಅಮ್ಮನ ಅಣ್ಣ. ನಮ್ಮ ಕಡೆ ಆಗ ಅಳಿಯಕಟ್ಟು ನಡೆಯುತ್ತಿತ್ತು. ಮಕ್ಕಳು ತಾಯಿಯ ಮನೆಗೆ ಸೇರಿದವರು, ಅವರ ವಿಷಯದಲ್ಲಿ ಮಾವನ ಮಾತೇ ಕೊನೆ. ಮಾವ ಬೆಳಕು ಹರಿಯುವ ಮೊದಲೇ ಹೊರಟು, ಬಜಪೆ ಕಡೆಯ ಹೊಳೆ ದಾಟಿ, ಪೇಟೆಯಲ್ಲಿ ಒಂದು ಎತ್ತಿನ ಗಾಡಿ ಗೊತ್ತುಮಾಡಿಕೊಂಡು ನಮ್ಮ ಮನೆಗೆ ಬಂದಾಗ ಅಪ್ಪ ಕೆಲಸಕ್ಕೆ ಹೋಗಿದ್ದರು. ಅಕ್ಕನ ಹುಬ್ಬು ನೋಡಿದರು, ನನ್ನ ಪಕ್ಕೆಲುಬು ಮುಟ್ಟಿ ನೋಡಿದರು. "ಸಾಕು, ಸಾಮಾನು ಕಟ್ಟು. ಮಕ್ಕಳನ್ನು ಇಲ್ಲಿ ಸಾಯ್ಲಿಕ್ಕೆ ಬಿಡುವುದಿಲ್ಲ ನಾನು" ಎಂದರು ಅಮ್ಮನಿಗೆ. "ಅವರಿಗೆ ಯಾರುಂಟು ಅಣ್ಣಾ?" ಎಂದಳು ಅಮ್ಮ. ಮಾವ ಹೊರಗೆ ಹೋಗಿ, ಓಣಿಯಾಚೆ ಮರೆಯಲ್ಲಿ ನಿಲ್ಲಲು ಗಾಡಿಯವನಿಗೆ ಹೇಳಿಬಂದರು. ಅಪ್ಪ ಮಧ್ಯಾಹ್ನ ಉಂಡು, ಕೂಗು ಆಗುವ ಹೊತ್ತಿಗೆ ಕೆಲಸಕ್ಕೆ ಹೋಗುವುದು, ಅವರು ಓಣಿ ದಾಟಿದ ಕೂಡಲೇ ನಾವು ಗಾಡಿ ಹತ್ತುವುದು ಎಂದು ತೀರ್ಮಾನವಾಯಿತು. ಸಂಜೆ ಅವರು ಬರುವಾಗ ಮನೆ ಖಾಲಿ.

ಅಮ್ಮ ಆ ದಿನ ಒಣಸಿಗಡಿ ಹುರಿದು, ತೆಂಗಿನಕಾಯಿ ಹಾಕಿ ಚಟ್ನಿ ಅರೆದಳು. ಅಪ್ಪನಿಗೆ ಅದೆಂದರೆ ಜೀವ. ಅರೆಯುತ್ತಾ ಅವಳು ಅಳುತ್ತಿದ್ದಳು. ಮೆಣಸಿನ ಘಾಟಿಗೆ ಎಂದು ನಾವು ನಂಬಬೇಕಂತೆ! ಅಪ್ಪ ಬಂದರು, ಮಾವನನ್ನು ನೋಡಿದರು, ಮಾತಾಡಿಸಲಿಲ್ಲ. ಗಂಜಿಯ ಬಟ್ಟಲು ಎತ್ತಿಕೊಂಡು ಹಿತ್ತಲಿಗೆ ಹೋಗಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮನೆಗೆ ಬೆನ್ನು ಹಾಕಿ ಕೂತರು. ನಾನು ಹಿಂದೆಯೇ ಹೋದೆ. ಮೊದಲ ತುತ್ತು ನನಗೆ ಕೊಟ್ಟರು. ನುಂಗಿದೆ. ಆಮೇಲೆ ಅವರು ಉಣ್ಣತೊಡಗಿದರು.

ಆ ದಿನ ಮೋಡ ಕವಿದಿತ್ತು, ಬಾವಿಕಟ್ಟೆಯ ಮೇಲೆ ನೆರಳೇ ಇರಲಿಲ್ಲ. ಒಳಗೆ ಪೆಟ್ಟಿಗೆ ಎಳೆಯುವ ಸದ್ದು, ಪಾತ್ರೆ ಕಟ್ಟುವ ಸದ್ದು. ಅಪ್ಪನಿಗೆ ಗೊತ್ತಾಗುತ್ತದೆ, ಈಗ ಏಳುತ್ತಾರೆ ಎಂದು ನಾನು ಕಾಯುತ್ತಿದ್ದೆ. ಅವರು ಏಳಲಿಲ್ಲ, ಖಾಲಿ ಬಟ್ಟಲು ಹಿಡಿದು ಆಕಾಶ ನೋಡುತ್ತಾ ಕೂತರು. ಇಷ್ಟು ಸದ್ದಾದರೂ ಸುಮ್ಮನಿದ್ದಾರಲ್ಲ, ನಾವು ಹೋದರೆ ಹೋಗಲಿ ಅಂತಲೇ ಇರಬೇಕು ಅಂದುಕೊಂಡಾಗ ನನಗೆ ಅಪ್ಪನ ಮೇಲೆ ಎಂತಹ ಸಿಟ್ಟು ಬಂತೆಂದರೆ, ಆ ಕಲ್ಲಿನಿಂದ ಅವರನ್ನು ತಳ್ಳಿಬಿಡಬೇಕು ಅನ್ನಿಸಿತು. ಅದರ ಜೊತೆಗೇ ಕೂಗು ಆಗದಿರಲಿ ದೇವರೇ, ಇವತ್ತೊಂದು ದಿನ ಅದು ಕೆಟ್ಟುಹೋಗಲಿ ಎಂದೂ ಬೇಡಿಕೊಂಡೆ.

ಕೂಗು ಆಯಿತು. ನಾಯಿಗಳು ಊಳಿಟ್ಟವು. ಹಲಸಿನ ಮರದಿಂದ ಕಾಗೆಗಳು ಹಾರಿದವು. ಅಪ್ಪ ಕತ್ತೆತ್ತಿ ಕಾಗೆಗಳನ್ನು ನೋಡಿದರು, ಆಮೇಲೆ ನನ್ನ ಕಡೆ ತಿರುಗಿದರು. ಎಷ್ಟೋ ದಿನಗಳ ಮೇಲೆ ಮೆತ್ತಗಿನ ದನಿಯಲ್ಲಿ ಕೇಳಿದರು: "ಕೂಗು ಆಗ್ಲಿಕ್ಕೆ ಇನ್ನು ಎಷ್ಟು ಹೊತ್ತುಂಟು, ಮಗಾ?"

ಅವರು ಕೇಳುವಾಗ ಕಾರ್ಖಾನೆ ಇನ್ನೂ ಕೂಗುತ್ತಲೇ ಇತ್ತು.

ಎದ್ದು ಅವರ ಬೆನ್ನ ಹಿಂದೆ ಹೋಗಿ ನಿಂತೆ. "ಅಪ್ಪಾ" ಎಂದೆ. ಅವರು ತಿರುಗಲಿಲ್ಲ. ಇನ್ನೂ ಜೋರಾಗಿ ಕರೆದೆ. ತಿರುಗಲಿಲ್ಲ. ಆಮೇಲೆ ಮುಚ್ಚಿಟ್ಟದ್ದೆಲ್ಲ ಬಾಯಿಗೆ ಬಂತು. "ಅಪ್ಪಾ, ನಾವು ಹೋಗ್ತಾ ಇದ್ದೇವೆ! ಮಾವ ಗಾಡಿ ತಂದಿದ್ದಾರೆ! ನಿಮ್ಮನ್ನು ಬಿಟ್ಟು ಹೋಗ್ತಾ ಇದ್ದೇವೆ!" ಎಂದು ಗಂಟಲು ಹರಿಯುವ ಹಾಗೆ ಕಿರುಚಿದೆ. ಅಪ್ಪ ಬಟ್ಟಲಿನ ಅಂಚಿಗೆ ಅಂಟಿದ ಅನ್ನದ ಅಗುಳನ್ನು ಬೆರಳಿನಿಂದ ಬಿಡಿಸಿ ಬಾಯಿಗೆ ಹಾಕಿಕೊಂಡರು, ಅಷ್ಟೇ.

ನನ್ನ ಕಿರುಚಾಟಕ್ಕೆ ಮಾವ, ಅಮ್ಮ, ಅಕ್ಕ ಮೂವರೂ ಹಿತ್ತಲಿನ ಬಾಗಿಲಿಗೆ ಓಡಿಬಂದರು. ನನ್ನನ್ನು ನೋಡಿದರು, ಅಲ್ಲಾಡದ ಅಪ್ಪನ ಬೆನ್ನನ್ನು ನೋಡಿದರು. "ಅಯ್ಯೋ, ಕಿವಿ ಮಾರಾಯ್ತಿ, ಕಿವಿ!" ಎಂದು ಮಾವ ಬಾಗಿಲಲ್ಲೇ ನಿಂತು ಕೂಗಿದರು.

ಅಮ್ಮ ಸುತ್ತು ಬಳಸಿ ಹೋಗಿ ಅಪ್ಪನ ಎದುರು ಮಣ್ಣಿನಲ್ಲಿ ಕೂತಳು. ಅವರ ಎರಡೂ ಕೈ ಹಿಡಿದು, ಬಾಯಿ ಅಗಲವಾಗಿ ತೆರೆದು, "ನಿಮಗೆ ಕಿವಿ ಕೇಳುವುದಿಲ್ವಾ?" ಎಂದು ಕೂಗಿದಳು. ಅಪ್ಪ ಅವಳ ತುಟಿಯನ್ನೇ ನೋಡಿದರು. ಆಮೇಲೆ ಅವರ ಮುಖ ಚಿಕ್ಕ ಮಗುವಿನ ಮುಖದ ಹಾಗೆ ಮುದುಡಿತು. ನಾನು ಅಪ್ಪ ಅತ್ತದ್ದನ್ನು ಕಂಡದ್ದು ಅದೇ ಮೊದಲು. "ಸ್ವಲ್ಪ ಮಂದ ಅಂತ ಗೊತ್ತಿತ್ತು. ಕೂಗು ತಪ್ಪಬಾರದೂಂತ ನೆರಳು ನೋಡಿ ಬೇಗ ಹೊರಡ್ತಿದ್ದೆ. ಹೇಳಿದರೆ ಕೆಲಸದಿಂದ ತೆಗೀತಾರೆ. ನೀವೆಲ್ಲ ಬೇಕಂತಲೇ ಮೆಲ್ಲ ಮಾತಾಡ್ತೀರಿ ಅಂದ್ಕೊಂಡೆ" ಎಂದರು.

ಅದು ಪೂರ್ತಿ ಸುಳ್ಳಾಗಿರಲಿಲ್ಲ, ಮಕ್ಕಳೇ. ನಾವು ಬೇಕಂತಲೇ ಮೆಲ್ಲ ಮಾತಾಡಿದ್ದೆವು. ಅವರನ್ನು ಬಿಟ್ಟು ಹೋಗುವ ಮಾತನ್ನೂ ಆಡಿದ್ದೆವು. ಕಿವಿ ಕೆಟ್ಟದ್ದು ಜ್ವರದಿಂದಲೋ, ಮದ್ದಿನಿಂದಲೋ, ಯಂತ್ರದ ಗದ್ದಲದಿಂದಲೋ ನನಗೆ ಗೊತ್ತಿಲ್ಲ. ಮನಸ್ಸು ಕೆಟ್ಟದ್ದರಲ್ಲಿ ಮಾತ್ರ ನಮ್ಮ ಪಾಲೂ ಇತ್ತು. ಇದನ್ನು ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ಆ ಮಧ್ಯಾಹ್ನ ಅಪ್ಪ ಕೆಲಸಕ್ಕೆ ಹೋಗಲಿಲ್ಲ, ನಾವು ಬಜಪೆಗೆ ಹೋಗಲಿಲ್ಲ. ಮಾವ ಗಾಡಿಯವನನ್ನು ಹಿಂದೆ ಕಳಿಸಿ ನಮ್ಮಲ್ಲೇ ಉಳಿದರು. ಸಂಜೆ ಅಮ್ಮ ಮತ್ತೆ ಗಂಜಿ ಬಡಿಸಿದಳು. ನಾನು ಅಭ್ಯಾಸದಂತೆ ಅಪ್ಪನ ಪಕ್ಕ ಕೂತು ಅವರ ಬಟ್ಟಲಿಗೆ ಕೈ ಚಾಚಿದೆ. ಅಪ್ಪ ನನ್ನ ಕೈಯನ್ನು ಹಿಡಿದು ಮೆಲ್ಲಗೆ ಬದಿಗಿಟ್ಟರು. ಅಮ್ಮನ ಮುಖ ನೋಡುತ್ತಾ ಮೊದಲ ತುತ್ತನ್ನು ತಾವೇ ಉಂಡರು.

ಪೇಟೆಯ ಡಾಕ್ಟರು ಕಿವಿಗೆ ಬೆಳಕು ಹಿಡಿದು ನೋಡಿ ತಲೆಯಾಡಿಸಿದರು. ಕಿವಿ ಮರಳಲಿಲ್ಲ. ಕಾರ್ಖಾನೆಯಲ್ಲಿ ಅಪ್ಪನನ್ನು ಹಸಿ ಹಂಚು ಒಣಗಿಸುವ ಕಡೆಗೆ ಹಾಕಿದರು. ಕೆಟ್ಟ ದಿನಗಳು ಆಮೇಲೂ ಬಂದವು. ಗೋಡೆಗೆ ಮುಖ ಮಾಡಿ ಕೂರುವ ದಿನಗಳು, ಕಿವಿಯೊಳಗಿನ ಜೀರುಂಡೆ ನಿಲ್ಲುವುದಿಲ್ಲವೆಂದು ತಲೆ ಚಚ್ಚಿಕೊಳ್ಳುವ ದಿನಗಳು. ಆದರೆ ಚೊಂಬು ಮತ್ತೆ ಹಾರಲಿಲ್ಲ. ನಮ್ಮ ಮನೆಯಲ್ಲಿ ಅಂದಿನಿಂದ ಯಾರೂ ಅಪ್ಪನ ಬೆನ್ನ ಹಿಂದೆ ಮಾತಾಡಲಿಲ್ಲ. ಎದುರು ಬಂದು, ಹೆಗಲು ಮುಟ್ಟಿ, ಆಮೇಲೆ ಬಾಯಿ ತೆರೆಯಬೇಕು. ಅಕ್ಕ ಮದುವೆಯಾಗಿ ಹೊರಡುವ ದಿನವೂ ಹಾಗೆಯೇ ಎದುರು ನಿಂತು ಹೇಳಿ ಹೋದಳು. ಅವಳ ಹುಬ್ಬಿನ ಕಲೆಯನ್ನು ಅಪ್ಪ ಹೆಬ್ಬೆರಳಿನಿಂದ ಒಮ್ಮೆ ಸವರಿದರು.

ಈಗ ಆ ಕಾರ್ಖಾನೆಯೂ ಇಲ್ಲ, ಕೂಗೂ ಇಲ್ಲ. ನಿಮ್ಮ ಮನೆಯಲ್ಲಿ ಕೋಣೆಗೊಂದು ಗಡಿಯಾರ, ಕೈಯಲ್ಲೊಂದು ಮೊಬೈಲು. ಚಳಿಜ್ವರ ಬಂದರೆ ಎರಡು ದಿನದಲ್ಲಿ ರಕ್ತ ಪರೀಕ್ಷೆ ಮಾಡಿ ಮಾತ್ರೆ ಕೊಡುತ್ತಾರೆ. ಕಿವಿ ಕೇಳದವರಿಗೆ ಬಟಾಣಿಯಷ್ಟು ಚಿಕ್ಕ ಯಂತ್ರವೂ ಬಂದಿದೆಯಂತೆ. ನಮ್ಮಲ್ಲಿ ಇದ್ಯಾವುದೂ ಇರಲಿಲ್ಲ. ನಿಮ್ಮದು ಪುಣ್ಯದ ಕಾಲ, ನಾನು ಇಲ್ಲವೆನ್ನುವುದಿಲ್ಲ. ಆದರೆ ಊಟಕ್ಕೆ ಕೂತಾಗ ನೀವಿಬ್ಬರು ಮೊಮ್ಮಕ್ಕಳೂ ಕಿವಿಗೆ ವಯರು ಸಿಕ್ಕಿಸಿಕೊಂಡು ಬಟ್ಟಲು ನೋಡುತ್ತಾ ಉಣ್ಣುತ್ತೀರಿ. ಅಪ್ಪ ಅಷ್ಟು ಹಂಬಲಿಸಿದ ಕಿವಿಯನ್ನು ನೀವು ನೀವಾಗಿಯೇ ಮುಚ್ಚಿಕೊಳ್ಳುವುದು ಕಂಡರೆ ನನಗೆ ನಗು ಬರುತ್ತದೆ, ಸಿಟ್ಟೂ ಬರುತ್ತದೆ.

ಹೋದ ವಾರ ನೀವು ಅಡುಗೆಮನೆಯಲ್ಲಿ ಏನೋ ಮಾತಾಡಿ, ನನ್ನ ಕಡೆ ನೋಡಿ ನಕ್ಕಿರಿ. ನನಗೆ ತುಟಿ ಕಂಡಿತು, ಮಾತು ಕೇಳಿಸಲಿಲ್ಲ. ನನ್ನ ವಿಷಯವಾ ಎಂದು ಒಂದು ಕ್ಷಣ ಅನುಮಾನವಾಯಿತು. ಒಂದೇ ಕ್ಷಣ. ಅಷ್ಟಕ್ಕೇ ನಾನು ತಿನ್ನುತ್ತಿದ್ದ ದೋಸೆಯನ್ನು ಬಿಟ್ಟು ಎದ್ದುಬಂದೆ. ಹಸಿವಿಲ್ಲವೆಂದು ಸುಳ್ಳು ಹೇಳಿದೆ.

ನನ್ನ ಎಡಗಿವಿಯಲ್ಲಿ ಜೀರುಂಡೆ ಬಂದು ಎರಡು ವರ್ಷವಾಯಿತು. ನಾನು ಅಪ್ಪನಿಗಿಂತ ಹೆಚ್ಚು ಓದಿದವನು, ಆದರೂ ಅವರ ಹಾಗೆಯೇ ಮುಚ್ಚಿಟ್ಟುಕೊಂಡೆ. ಇವತ್ತು ಮೊದಲ ಸಲ, ನಿಮಗೆ ಹೇಳುತ್ತಿದ್ದೇನೆ. ನನಗೆ ತೊಂದರೆಯಾಗುತ್ತದೆಂದು ಇನ್ನು ಯಾರೂ ಮೆಲ್ಲ ಮಾತಾಡಬೇಡಿ. ಎದುರು ಬಂದು, ಹೆಗಲು ಮುಟ್ಟಿ, ನನ್ನ ಮುಖ ನೋಡಿ ಮಾತಾಡಿ.